ಮಶಿನ್ ತಿರುಗ್ತದೆ, ಸ್ಟಾರ್ಟ್ ಆಗೋದಿಲ್ಲ

ಕಾರವಾರದಲ್ಲಿ ದೋಣಿಗಳ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಔಟ್‌ಬೋರ್ಡ್ ಇಂಜಿನ್ ರಿಪೇರಿ ನನ್ನ ಕೆಲಸ. ಬೈತಖೋಲ, ಕೋಡಿಬಾಗ, ದೇವಬಾಗ ಕಡೆಯಿಂದ ಬೆಳಿಗ್ಗೆ ಬರುವ ಫೋನುಗಳಲ್ಲಿ ಜಾಸ್ತಿ ಇದೇ ದೂರು. "ಮಶಿನ್ ತಿರುಗ್ತದೆ, ಸ್ಟಾರ್ಟ್ ಮಾತ್ರ ಆಗೋದಿಲ್ಲ ಮಾರಾಯ." ನಾನು ಕೇಳುವ ಮೊದಲ ಪ್ರಶ್ನೆಯೂ ಯಾವಾಗಲೂ ಒಂದೇ. "ನಿನ್ನೆ ಹ್ಯಾಗೆ ಬಂದ್ ಮಾಡಿದ್ದೆ?"

ಕೆಲವರಿಗೆ ಸಿಟ್ಟು ಬರುತ್ತದೆ. ಇವತ್ತಿನ ತೊಂದರೆ ಹೇಳಿದರೆ ಇವನು ನಿನ್ನೆಯದು ಕೇಳುತ್ತಾನಲ್ಲ ಅಂತ. ಆದರೆ ನಾಡದೋಣಿಯ ಮಟ್ಟಿಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ನಮ್ಮ ನಾಡದೋಣಿಗಳಲ್ಲಿ ಸೀಮೆಎಣ್ಣೆಯ ಟು-ಸ್ಟ್ರೋಕ್ ಇಂಜಿನ್‌ಗಳು ಬಹಳ ಇವೆ. ಅವನ್ನು ಶುರು ಮಾಡುವುದು ಪೆಟ್ರೋಲಿನಲ್ಲಿ. ಇಂಜಿನ್ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ಪೆಟ್ರೋಲು ಎಷ್ಟು ಚಳಿಯಲ್ಲೂ ಆವಿಯಾಗುತ್ತದೆ, ಕಿಡಿ ತಾಗಿದರೆ ಸಾಕು. ಸೀಮೆಎಣ್ಣೆ ಹಾಗಲ್ಲ. ಹೊತ್ತಿಕೊಳ್ಳುವಷ್ಟು ಆವಿ ಬರಲು ಅದಕ್ಕೆ ಸುಮಾರು 35ರಿಂದ 40 ಡಿಗ್ರಿ ಬಿಸಿ ಬೇಕು. ಅದಕ್ಕೇ ದಡ ಹತ್ತಿರವಾದಾಗ ಮತ್ತೆ ಪೆಟ್ರೋಲಿಗೆ ತಿರುಗಿಸಿ, ಎಣ್ಣೆಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬುರೇಟರ್‌ನಲ್ಲಿ ಉಳಿದ ಸೀಮೆಎಣ್ಣೆ ಖಾಲಿಯಾಗುವ ತನಕ ಓಡಿಸಿ, ಆಮೇಲೆ ಬಂದ್ ಮಾಡಬೇಕು. ಇದು ಗೊತ್ತಿಲ್ಲದವರು ಯಾರೂ ಇಲ್ಲ. ಆದರೆ ಬಲೆ ತುಂಬ ಬಂಗಡೆ ಬಿದ್ದ ದಿನ, ದಡದಲ್ಲಿ ವ್ಯಾಪಾರಿ ಕಾಯುತ್ತಿರುವಾಗ, ಇದು ಯಾರ ತಲೆಯಲ್ಲಿರುತ್ತದೆ? ಮಾರನೇ ದಿನ ನಸುಕಿನಲ್ಲಿ ಹಗ್ಗ ಎಳೆದು ಎಳೆದು ರಟ್ಟೆ ನೋವು.

ಇಂಥ ಹೊತ್ತಿಗೆ ಕಿಡಿ ಹಚ್ಚುವ ಪ್ಲಗ್ ಬಿಚ್ಚಿ ಮೂಸಿ ನೋಡಿ. ಸುಮ್ನೆ ಹೇಳುತ್ತಿಲ್ಲ, ಮೂಗಿನಷ್ಟು ಬೇಗ ಹೇಳುವ ಮೀಟರ್ ಬೇರೆ ಇಲ್ಲ. ಪ್ಲಗ್ ಒದ್ದೆಯಾಗಿದ್ದು ಸೀಮೆಎಣ್ಣೆ ವಾಸನೆ ಬಂದರೆ, ಕಾರ್ಬುರೇಟರ್ ಬಟ್ಟಲಿನ ಕೆಳಗಿನ ಸ್ಕ್ರೂ ಸಡಿಲಿಸಿ ಇದ್ದದ್ದನ್ನೆಲ್ಲ ಇಳಿಸಿ. ಪ್ಲಗ್ ಹೊರಗಿರುವಾಗಲೇ, ಕಿಲ್ ಸ್ವಿಚ್ಚಿನ (ಕಿಡಿ ನಿಲ್ಲಿಸಿ ಇಂಜಿನ್ ಬಂದ್ ಮಾಡುವ ಸ್ವಿಚ್ಚು) ಕ್ಲಿಪ್ ತೆಗೆದು, ಹಗ್ಗವನ್ನು ನಾಲ್ಕೈದು ಸಲ ಎಳೆಯಿರಿ. ಒಳಗಿನ ಎಣ್ಣೆ ಹೊರಗೆ ಚಿಮ್ಮುತ್ತದೆ. ಬೀಡಿ ದೂರ ಇರಲಿ. ಪ್ಲಗ್ ಒಣಗಿಸಿ ಹಾಕಿ, ಕ್ಲಿಪ್ ಮತ್ತೆ ಸಿಕ್ಕಿಸಿ, ಪೆಟ್ರೋಲು ಬಿಟ್ಟು ಎಳೆಯಿರಿ. ಹೆಚ್ಚಿನ ಸಲ ಅಷ್ಟಕ್ಕೇ ಮುಗಿಯುತ್ತದೆ.

ಕಾಳಿ ನದಿಯಲ್ಲಿ ಪ್ರವಾಸಿಗರನ್ನು ಸುತ್ತಿಸುವ ಬೋಟುಗಳ ಕತೆ ಬೇರೆ. ಅವುಗಳಲ್ಲಿ ಫೋರ್-ಸ್ಟ್ರೋಕ್ ಪೆಟ್ರೋಲ್ ಇಂಜಿನ್, ಬಟನ್ ಸ್ಟಾರ್ಟ್ ಇರುತ್ತದೆ. ಇವರಿಗೆ ನಾನು ಮೊದಲು ಕೇಳುವುದು ಕಿಲ್ ಸ್ವಿಚ್ಚಿನ ಕೆಂಪು ಹಗ್ಗದ ಕ್ಲಿಪ್ ಬಗ್ಗೆ. ಎಷ್ಟೋ ಇಂಜಿನ್‌ಗಳಲ್ಲಿ ಕ್ಲಿಪ್ ಇಲ್ಲದಿದ್ದರೂ ಸ್ಟಾರ್ಟರ್ ಚೆನ್ನಾಗಿ ತಿರುಗುತ್ತದೆ, ಕಿಡಿ ಮಾತ್ರ ಬರುವುದಿಲ್ಲ. ಆಮೇಲೆ ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು. ಅದು ಮುಚ್ಚಿದ್ದರೆ ಟ್ಯಾಂಕಿನೊಳಗೆ ಗಾಳಿ ಹೋಗದೆ ಪೆಟ್ರೋಲು ಬರುವುದು ನಿಲ್ಲುತ್ತದೆ. ಪೈಪಿನ ನಡುವಿನ ರಬ್ಬರ್ ಬಲ್ಬ್ ಒತ್ತಿ ನೋಡಿದರೆ ಇದು ತಿಳಿಯುತ್ತದೆ. ಬಲ್ಬ್ ಚಪ್ಪಟೆಯಾಗಿ ಹಾಗೇ ಉಳಿದರೆ ಟ್ಯಾಂಕಿನ ಕಡೆ ಅಡ್ಡಿ ಇದೆ. ಎಷ್ಟು ಒತ್ತಿದರೂ ಗಟ್ಟಿಯಾಗದಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ ಅಥವಾ ಬಲ್ಬಿನ ವಾಲ್ವ್ ಹೋಗಿದೆ. ಗಾಳಿ ಎಳೆಯುವುದಕ್ಕೆ ಪೈಪ್ ಸೇರಿಸುವ ಕನೆಕ್ಟರಿನ ಸಣ್ಣ ರಬ್ಬರ್ ಉಂಗುರ ಸವೆದದ್ದೇ ಸಾಕು. ಬಲ್ಬಿನ ಮೇಲಿನ ಬಾಣ ಇಂಜಿನ್ ಕಡೆ ಇರಬೇಕು. ಹೊಸ ಪೈಪನ್ನು ತಿರುಗಾಮುರುಗಾ ಹಾಕಿಕೊಂಡು ಬಂದವರೂ ಇದ್ದಾರೆ.

ಸ್ಟಾರ್ಟರನ್ನು ಒಂದೇ ಸಮ ಒತ್ತಿ ಹಿಡಿಯಬೇಡಿ. 10 ಸೆಕೆಂಡಿನೊಳಗೆ ಬಿಟ್ಟು, ಸ್ವಲ್ಪ ತಣಿಯಲು ಬಿಡಿ. ಬ್ಯಾಟರಿ ಸೋತಿದ್ದರೆ ಇಂಜಿನ್ ತಿರುಗುವುದು ಕಂಡರೂ ಕಿಡಿ ಹುಟ್ಟಲು ಬೇಕಾದ ವೇಗ ಬಂದಿರುವುದಿಲ್ಲ.

ಜುಲೈ ಕೊನೆಗೆ ಬರುವ ಇಂಜಿನ್‌ಗಳಲ್ಲಿ ಬಹುತೇಕ ಕಾಣುವುದು ನೀರಿನ ಕಾಟ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. 10 ಎಚ್‌ಪಿವರೆಗಿನ ನಾಡದೋಣಿಗೆ ವಿನಾಯಿತಿ ಇದ್ದರೂ ಆ ಕಡಲಿಗೆ ಇಳಿಯುವವರು ಕಡಿಮೆ. ಇಂಜಿನ್ ಮೂಲೆಯಲ್ಲಿ, ಅರ್ಧ ಪೆಟ್ರೋಲಿನ ಟ್ಯಾಂಕ್ ಅದರ ಪಕ್ಕ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಇರುತ್ತದೆ. ಅದು ನೀರನ್ನು ಎಳೆದುಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಎಥನಾಲೂ ನೀರೂ ಕೂಡಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪೈಪ್ ಎಳೆಯುವುದೂ ತಳದಿಂದಲೇ ಅಲ್ವಾ? ಕಾರ್ಬುರೇಟರ್‌ನಿಂದ ಇಳಿಸಿದ್ದನ್ನು ಗಾಜಿನ ಬಾಟಲಿಗೆ ಹಿಡಿದು ಸ್ವಲ್ಪ ಹೊತ್ತು ಇಡಿ. ಕೆಳಗೆ ಬೇರೆ ಪದರ ಕಂಡರೆ ಆ ಟ್ಯಾಂಕ್ ಪೂರ್ತಿ ಖಾಲಿ ಮಾಡಬೇಕು. ಮೇಲಿಂದ ಹೊಸದು ಸುರಿದು ಅಲುಗಾಡಿಸಿದರೆ ಸರಿಹೋಗುವುದಿಲ್ಲ. ಹಣ ಹಾಳು ಅಂತ ಗೊಣಗುವವರಿಗೆ ನಾನು ಆ ಬಾಟಲಿಯನ್ನೇ ಕೈಗೆ ಕೊಡುತ್ತೇನೆ.

ಪ್ಲಗ್ಗಿನಲ್ಲಿ ಪೆಟ್ರೋಲು ಇದೆ, ನೀರಿಲ್ಲ, ಆದರೂ ಸ್ಟಾರ್ಟ್ ಇಲ್ಲ ಅಂದರೆ ಆಗ ಕಿಡಿ ನೋಡುವುದು. ಪ್ಲಗ್ಗಿಗೆ ಕ್ಯಾಪ್ ಹಾಕಿ, ಅದರ ಲೋಹದ ಭಾಗವನ್ನು ಇಂಜಿನ್ನಿಗೆ ತಾಗಿಸಿ, ಪ್ಲಗ್ ತೂತಿನಿಂದ ದೂರ ಇಟ್ಟು ತಿರುಗಿಸಬೇಕು. ಕಿಡಿ ಇಲ್ಲದಿದ್ದರೆ ಕಿಡಿಗೆ ಕರೆಂಟ್ ಕೊಡುವ ಕಾಯಿಲ್ ಹೊಸದು ಕೊಳ್ಳಲು ಓಡಬೇಡಿ. ಕಿಲ್ ಸ್ವಿಚ್ಚಿನಿಂದ ಬರುವ ವೈರನ್ನು ಕಳಚಿ ಮತ್ತೊಮ್ಮೆ ನೋಡಿ. ಕಿಡಿ ಬಂತೋ, ಹಾಳಾದದ್ದು ಸ್ವಿಚ್ಚು. ನಮ್ಮ ಉಪ್ಪು ಗಾಳಿಗೆ ಅದರೊಳಗೆ ಹಸಿರು ಕಿಲುಬು ಕಟ್ಟುವುದು ಮಾಮೂಲು. ಆದರೆ ಆ ವೈರ್ ಕಳಚಿಕೊಂಡೇ ಕಡಲಿಗೆ ಹೋಗಬೇಡಿ. ಆಮೇಲೆ ಇಂಜಿನ್ ಬಂದ್ ಮಾಡಲು ಆಗುವುದಿಲ್ಲ, ನೀವು ನೀರಿಗೆ ಬಿದ್ದರೂ ಅದು ನಿಲ್ಲುವುದಿಲ್ಲ.

ಕಿಡಿಯೂ ಸರಿ, ಪೆಟ್ರೋಲೂ ಸರಿ, ಆದರೆ ಹಗ್ಗ ಎಳೆಯುವಾಗ ಎಂದಿಗಿಂತ ಹಗುರ ಅನ್ನಿಸಿದರೆ ಒಳಗೆ ಕಂಪ್ರೆಶನ್, ಅಂದರೆ ಸಿಲಿಂಡರಿನ ಒತ್ತಡ, ಹೋಗಿರಬಹುದು. ಅದು ಫೋನಿನಲ್ಲಿ ಆಗುವ ಕೆಲಸವಲ್ಲ, ಅಂಗಡಿಗೇ ತನ್ನಿ.