ವೋಟು ಹಾಕಿದ ಮೇಲೆ ಏನು ಮಾಡೋದು?

"ಸರ್, ಹದಿನೆಂಟು ತುಂಬ್ತು, ವೋಟೂ ಹಾಕಿದ್ದಾಯ್ತು. ಇನ್ನು ಐದು ವರ್ಷ ಸುಮ್ನೆ ಕೂತಿರೋದಾ?"

ನಮ್ಮ ಕಾಲೇಜಿನ ಮಕ್ಕಳು ಪ್ರತಿ ವರ್ಷ ಇದನ್ನು ಕೇಳುತ್ತಾರೆ. ನನ್ನ ಉತ್ತರ ಒಂದೇ. ನಿಮ್ಮೂರ ಗ್ರಾಮಸಭೆಗೆ ಹೋಗಿ.

ವಿಧಾನಸಭೆಯಲ್ಲಿ ನಮ್ಮ ಪರವಾಗಿ ಬೇರೆಯವರು ಮಾತಾಡುತ್ತಾರೆ. ಗ್ರಾಮಸಭೆಯಲ್ಲಿ ಹಾಗಲ್ಲ. ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಅದರ ಸದಸ್ಯರೇ. ಯಾರೂ ಕರೆಯಬೇಕಾಗಿಲ್ಲ, ಹೋಗಿ ಕೂತರಾಯಿತು.

ನಾನು ಮೊದಲ ಸಲ ಹೋದಾಗ ನನಗೆ 20. ಶಾಲೆಯ ಜಗಲಿಯಲ್ಲಿ ಸಭೆ. ಮುಂದೆ ಕುರ್ಚಿಯಲ್ಲಿ ದೊಡ್ಡವರು, ಹಿಂದೆ ಗೋಡೆಗೆ ಒರಗಿ ನಾವು ನಾಲ್ಕು ಜನ. ಮನೆ ಮಂಜೂರಾದವರ ಪಟ್ಟಿ ಓದಿದರು, ಇನ್ನೇನು ಚಹಾ ಬರಬೇಕು. ಆಗ ನನ್ನ ಜೊತೆ ಓದುತ್ತಿದ್ದ ಹುಡುಗಿ ಎದ್ದು ನಿಂತಳು. ಬಸ್ ಸ್ಟಾಪಿನಲ್ಲಿ ಲೈಟಿಲ್ಲ, ಸಂಜೆ ಏಳರ ಬಸ್ಸಿಗೆ ಇಳಿದರೆ ಮನೆವರೆಗೂ ಕತ್ತಲು ಅಂದಳು.

"ಆಯ್ತಮ್ಮ, ನೋಡೋಣ. ಕೂತ್ಕೋ."

ಅವಳು ಕೂರಲಿಲ್ಲ. "ನಡಾವಳಿಯಲ್ಲಿ ಬರ್ಕೊಳ್ಳಿ ಸರ್" ಅಂದಳು. ನಡಾವಳಿ ಅಂದರೆ ಸಭೆಯಲ್ಲಿ ಆದದ್ದನ್ನು ಬರೆದಿಡುವ ಪುಸ್ತಕ. ಮುಂದೆ ಹೋಗಿ, ಬರೆಯುವವರೆಗೂ ಮೇಜಿನ ಪಕ್ಕದಲ್ಲೇ ನಿಂತಳು. ಬರೆದದ್ದನ್ನು ಗಟ್ಟಿಯಾಗಿ ಓದಿಸಿದಳು. ಆಮೇಲೇ ಸಹಿ ಹಾಕಿದ್ದು.

ಲೈಟು ತಕ್ಷಣ ಬರಲಿಲ್ಲ. ಮುಂದಿನ ಸಭೆಯಲ್ಲಿ ಆ ಪುಟ ತೆಗೆಸಿ ಮತ್ತೆ ಕೇಳಿದೆವು. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆವು. ಅದಕ್ಕೆ 30 ದಿನದೊಳಗೆ ಉತ್ತರ ಕೊಡಲೇಬೇಕು. ಮಳೆಗಾಲ ಮುಗಿಯುವ ಹೊತ್ತಿಗೆ ಕಂಬದಲ್ಲಿ ಬಲ್ಬು ಉರಿಯಿತು. ಆ ಬೆಳಕಲ್ಲಿ ಬಸ್ಸಿಳಿದ ಸಂಜೆ ನನಗಿನ್ನೂ ನೆನಪಿದೆ.

ವಾಟ್ಸಾಪ್ ಸ್ಟೇಟಸ್ ಹಾಕುವುದು ತಪ್ಪಲ್ಲ. ಆದರೆ ಅದು 24 ಗಂಟೆಗೆ ಮಾಯವಾಗುತ್ತದೆ, ಅಲ್ವಾ? ನಡಾವಳಿ ಪುಸ್ತಕದ ಸಾಲು ಹಾಗೇ ಇರುತ್ತದೆ.

ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಿ. ಹೆಸರು ಸೇರಿಸಲು ಕೊಡುವ ಅರ್ಜಿಯೇ ನಮೂನೆ 6, ಅದನ್ನು 17 ತುಂಬಿದವರೂ ಮುಂಚಿತವಾಗಿ ಕೊಡಬಹುದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್, ಈ ನಾಲ್ಕು ತಿಂಗಳ 1ನೇ ತಾರೀಕುಗಳಲ್ಲಿ ಯಾವುದಕ್ಕೆ 18 ತುಂಬಿರುತ್ತದೋ ಆಗ ಹೆಸರು ಸೇರುತ್ತದೆ. ನಮ್ಮ ಅಪ್ಪನ ಕಾಲದಲ್ಲಿ ಮತ ಹಾಕಲು 21 ಆಗಬೇಕಿತ್ತು. ಈಗ 21ಕ್ಕೆ ನೀವೇ ಪಂಚಾಯಿತಿ ಚುನಾವಣೆಗೆ ನಿಲ್ಲಬಹುದು. ನಿಲ್ಲಿ ಅಂತಲೇ ನಾನು ಹೇಳುತ್ತೇನೆ.

ಸಭೆಗೆ ಒಬ್ಬರೇ ಹೋಗಬೇಡಿ. ಒಬ್ಬರನ್ನು ಕೂರಿಸುವುದು ಸುಲಭ, ನಾಲ್ವರನ್ನು ಕಷ್ಟ. ಮತ್ತೆ ಖಾಲಿ ಹಾಳೆ ಮುಂದಿಟ್ಟು ಸಹಿ ಮಾಡಿ ಅಂದರೆ ಪೆನ್ನು ಮುಟ್ಟಬೇಡಿ. ಮೇಲೆ ಏನು ಬರೀತೀರಿ ಅಂತ ಕೇಳಿ.