ಬಾಡೂಟದ ಲೆಕ್ಕ: ಕೊನೇ ಪಂಕ್ತಿಗೂ ಪೀಸ್ ಮುಟ್ಟಿತು

ಕೊನೆಗೂ ಆಯ್ತು! ಭಾನುವಾರದ ಬೀಗರೂಟದಲ್ಲಿ ಮೂರನೇ ಪಂಕ್ತಿಯವರ ಎಲೆಗೂ ಮೊದಲ ಪಂಕ್ತಿಯಷ್ಟೇ ಪೀಸ್ ಬಿತ್ತು. ಬಡಿಸುವವರು "ಇನ್ನೆರಡು ಹಾಕ್ಲಾ?" ಅಂತ ಕೇಳಿಕೊಂಡು ಎರಡನೇ ಸುತ್ತು ಬಂದರು. ನಮ್ಮ ಅಡುಗೆ ತಂಡ ಬಹಳ ದಿನದಿಂದ ಒದ್ದಾಡುತ್ತಿದ್ದದ್ದು ಇದೊಂದಕ್ಕೇ. ಮಸಾಲೆ, ಸೌದೆ ಉರಿ, ಮುದ್ದೆ ಕಟ್ಟುವುದು ಎಲ್ಲ ನಿಮಗೆ ಗೊತ್ತಿರೋದೇ, ಅದನ್ನು ಬಿಡ್ತೀನಿ. ಮಟನ್ ಎಷ್ಟು ತರಬೇಕು ಅನ್ನೋ ಲೆಕ್ಕ ಮಾತ್ರ ಇಲ್ಲಿ.

ತಲೆಗೆ ಕಾಲು ಕೆಜಿ. ನಮ್ಮ ಕಡೆ ಹಿರಿಯರು ಹೇಳೋದು ಇದೇ, ನಾವೂ ಇದನ್ನೇ ಹಿಡಿದು ತರುತ್ತಿದ್ದೆವು. ತಲೆ ಕೆಡಿಸಿದ್ದು ಏನಂದ್ರೆ, ಅಷ್ಟೇ ಜನ, ಅಷ್ಟೇ ಕೆಜಿ, ಅದೇ ಸಾರು, ಅದೇ ಬಿರಿಯಾನಿ. ಆದರೂ ಒಂದು ಊಟದಲ್ಲಿ ಪಾತ್ರೆ ತುಂಬ ಪೀಸ್ ಉಳಿಯುತ್ತೆ, ಇನ್ನೊಂದರಲ್ಲಿ ಕೊನೇ ಪಂಕ್ತಿಗೆ ಬರೀ ಸಾರು. ಮುದ್ದೆ ಮುಂದೆ ಕೂತ ನೆಂಟರ ಎಲೆಗೆ ಬರೀ ಸಾರು ಸುರಿಯುವ ಸಂಕಟ ಅನುಭವಿಸಿದವರಿಗೇ ಗೊತ್ತು. ಅವರೇನೂ ಅನ್ನಲ್ಲ. ಆದರೆ ಊರಲ್ಲಿ ಆ ಮಾತು ವರ್ಷಗಟ್ಟಲೆ ಓಡಾಡುತ್ತೆ.

ಮೊದಲು ಅನುಮಾನ ಬಂದದ್ದು ಮಟನ್ ಕೊಡುವವರ ಮೇಲೆ. ಅದು ಪೂರ್ತಿ ಸುಳ್ಳೂ ಅಲ್ಲ. ಜೀವಂತ ಕುರಿ ತಗೊಂಡರೆ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಮಾತ್ರ ಮಾಂಸ ಬರುತ್ತೆ. 25 ಕೆಜಿಯ ಕುರಿಗೆ ಮೂಳೆ ಸಮೇತ 12 ಕೆಜಿ ಸಿಕ್ಕರೆ ಚೆನ್ನಾಗಿ ಸಿಕ್ಕಿದ ಹಾಗೆ. ತಲೆ, ಕಾಲು, ಬೋಟಿ ಬೇರೆ. ಸಂತೆಗೆ ಬರೋ ಮುಂಚೆ ಹೊಟ್ಟೆ ತುಂಬ ನೀರು ಕುಡಿಸಿ ತಂದ ಕುರಿಯಾದರೆ ಲೆಕ್ಕ ಇನ್ನೂ ಕೆಳಗಿಳಿಯುತ್ತೆ. ನಮಗೊಬ್ಬರು ಕುರಿಯನ್ನು ಕೈಲಿ ಎತ್ತಿ ನೋಡಿ "ಹದಿನೈದು ಕೆಜಿ ಮಾಂಸ ಗ್ಯಾರಂಟಿ" ಅಂದಿದ್ದರು. ತಕ್ಕಡಿಗೆ ಹಾಕಿದಾಗ ಮೂರು ಕೆಜಿ ಕಮ್ಮಿ. ಆಮೇಲಿಂದ ನಾವು ತಕ್ಕಡಿ ಇಲ್ಲದೆ ವ್ಯಾಪಾರಕ್ಕೇ ಹೋಗಲ್ಲ.

ಆದರೆ ತೂಕ ಸರಿ ಇದ್ದ ದಿನವೂ ಪೀಸ್ ಸಾಲುತ್ತಿರಲಿಲ್ಲವಲ್ಲ! ಅದಕ್ಕೆ ಈ ಸಲ ಕೆಜಿ ಬಿಟ್ಟು ಪೀಸ್ ಎಣಿಸಲು ಕೂತೆವು.

ಬೀಗರೂಟಕ್ಕೆ 120 ಜನ. ಮಕ್ಕಳಿಗೆ ಅರ್ಧ ಹಿಡಿದು 110 ಎಲೆ. ಸಾರಿನಲ್ಲಿ ತಲೆಗೆ ನಾಲ್ಕು ಪೀಸ್, ಬಿರಿಯಾನಿಯಲ್ಲಿ ಎರಡು. ಒಟ್ಟು 660 ಪೀಸ್. ಇನ್ನು ಒಂದು ಪೀಸ್ ಎಷ್ಟು ತೂಗಬೇಕು? ಹಸಿ ಮಟನ್ 35 ಗ್ರಾಂ ಇದ್ದರೆ ಬೆಂದ ಮೇಲೆ ನೀರು ಬಿಟ್ಟು, ಕುಗ್ಗಿ, 25 ಗ್ರಾಂ ಆಸುಪಾಸಿಗೆ ಬರುತ್ತೆ. ಒಂದು ತುತ್ತು ಮುದ್ದೆ ಜೊತೆ ಹೇಳಿ ಮಾಡಿಸಿದ ಅಳತೆ. 35 ಗ್ರಾಂ ಅಂದರೆ ಕೆಜಿಗೆ 28 ಪೀಸ್, 660ಕ್ಕೆ 24 ಕೆಜಿ ಸಾಕು. ಕೈಮಾ ಉಂಡೆ ತಲೆಗೊಂದರಂತೆ ಮೂಳೆ ಇಲ್ಲದ್ದು ಇನ್ನು ಮೂರೂವರೆ ಕೆಜಿ. ಕೂಡಿಸಿ ನೋಡಿದರೆ ತಲೆಗೆ ಕಾಲು ಕೆಜಿ! ಹಿರಿಯರು ಹೇಳಿದ್ದು ನೂರಕ್ಕೆ ನೂರು ಸರಿ.

ಹಾಗಾದರೆ ತಪ್ಪುತ್ತಿದ್ದದ್ದು ಎಲ್ಲಿ? ಉತ್ತರ ಸಿಕ್ಕಿದ್ದು ಅಂಗಡಿಯ ಹುಣಸೆ ಕೊರಡಿನ ಮುಂದೆ. ದೊಡ್ಡ ಆರ್ಡರ್ ಬಂದ ಕೂಡಲೇ ಕತ್ತರಿಸುವವರು ಬೇಗ ಮುಗಿಸಲು ದಪ್ಪ ದಪ್ಪ ಹೊಡೆಯುತ್ತಾರೆ. ಅವರ ಒಂದು ರಾಶಿಯಿಂದ ಸಿಕ್ಕಿದ್ದನ್ನು ಎತ್ತಿ ತೂಕದ ಯಂತ್ರಕ್ಕೆ ಹಾಕಿದೆ. 58, 63, 71, ಪಕ್ಕೆಲುಬಿನದೊಂದು 80 ಗ್ರಾಂ! ಸರಾಸರಿ 60 ಅಂತ ಹಿಡಿದರೂ ಕೆಜಿಗೆ ಹದಿನಾರು, ಹದಿನೇಳು ಪೀಸ್. 24 ಕೆಜಿಗೆ ಬರೋದು ಸುಮಾರು 400. ನಲವತ್ತು ಜನರ ಮೊದಲ ಪಂಕ್ತಿ ತಲೆಗೆ ಆರರಂತೆ 240 ತಿಂದರೆ ಉಳಿಯೋದು 160. ಎರಡನೇ ಪಂಕ್ತಿಗೆ ತಲೆಗೆ ನಾಲ್ಕು. ಮೂರನೇ ಪಂಕ್ತಿಗೆ ಸೊನ್ನೆ. ನಮ್ಮ ಊಟಗಳಲ್ಲಿ ಆಗುತ್ತಿದ್ದದ್ದು ಅಚ್ಚು ಇದೇ. ದಪ್ಪ ಪೀಸ್ ಅಂತ ಯಾರೂ ಎರಡು ಕಮ್ಮಿ ಹಾಕಿಸಿಕೊಳ್ಳಲ್ಲ, ಅಲ್ವಾ?

ಈಗ ನಾವು ಅಂಗಡಿಯಲ್ಲಿ "24 ಕೆಜಿ ಕೊಡಿ" ಅನ್ನಲ್ಲ. "ಕೆಜಿಗೆ 28 ಪೀಸ್, 24 ಕೆಜಿ" ಅಂತೀವಿ. ಮೊದಲ ಕೆಜಿ ನಮ್ಮ ಎದುರೇ ಎಣಿಸಬೇಕು. ಒಬ್ಬರು ಮುಖ ಸಿಂಡರಿಸಿ, ಇಷ್ಟು ಸಣ್ಣ ಹೊಡೆದರೆ ಕೈ ನೋಯುತ್ತೆ, ಮೂಳೆ ಚೂರು ಬೀಳುತ್ತೆ ಅಂದರು. ಮೂಳೆ ಚೂರಿನ ಮಾತು ನಿಜ, ಅದಕ್ಕೆ ಎರಡು ಸಲ ತೊಳೀಬೇಕು. ಕೈನೋವಿಗೆ ಕೂಲಿ ಜಾಸ್ತಿ ಕೇಳಿದರು, ಕೊಟ್ಟೆವು. ನ್ಯಾಯವಾದದ್ದೇ. ಮಜ್ಜೆ ತುಂಬಿದ ನಲ್ಲಿ ಮೂಳೆಗಳನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ. ಅವು ಬೆರಳೆಣಿಕೆಯಷ್ಟಿರುತ್ತವೆ, ಬೀಗರ ಕಡೆ ಹಿರಿಯರಿಗೆ ಅಂತ ಬೇರೆ ಎತ್ತಿಡಿ.

ನಡುವೆ ಒಂದು ಮಾತು. 2024ರ ಡಿಸೆಂಬರ್‌ನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟ ಬೇಕು ಅಂತ ಕೂಗೆದ್ದಿತ್ತಲ್ಲ, ಅದಕ್ಕೂ ಈ ಲೆಕ್ಕ ಹಾಕಿ ನೋಡಿದೆ. ಒಂದು ಲಕ್ಷ ಜನಕ್ಕೆ ಆರಾರು ಪೀಸ್ ಅಂದರೆ 21 ಟನ್ ಮಟನ್, ಕುರಿಗೆ 12 ಕೆಜಿಯಂತೆ 1,750 ಕುರಿ. ಬರೀ ಬನ್ನೂರು ಕುರಿಯೇ ಆಗಬೇಕು ಅಂದರೆ ಎಷ್ಟು ಸಂತೆ ಸುತ್ತಬೇಕೋ! ಆದರೂ ಅಂಥದ್ದೊಂದು ಅಡುಗೆಯಲ್ಲಿ ಕೈ ಹಾಕುವ ಆಸೆ ನನಗಿದೆ.

ಪೀಸ್ ಎಣಿಕೆ ಸರಿಯಾದರೂ ಸೌಟು ಕೈ ಕೊಡುತ್ತೆ. ಪೀಸೆಲ್ಲ ತಳದಲ್ಲಿ ಕೂತಿರುತ್ತೆ. ಕೆದಕಿ ಹಾಕುವವನ ಸೌಟಿಗೆ ಏಳು, ಮೇಲೆಮೇಲೆ ಎತ್ತುವವನ ಸೌಟಿಗೆ ಒಂದು. ಅದಕ್ಕೆ ಬೆಂದ ಮೇಲೆ ಪೀಸನ್ನೆಲ್ಲ ಜಾಲರಿ ಸೌಟಿನಲ್ಲಿ ತೆಗೆದು ಬೇರೆ ಪಾತ್ರೆಗೆ ಹಾಕಿದೆವು. ಒಣಗದಿರಲಿ ಅಂತ ಮುಳುಗುವಷ್ಟು ಸಾರು ಬಿಟ್ಟು, ಕೆಂಡದ ಮೇಲೆ ಇಟ್ಟೆವು. ಒಬ್ಬರು ಪೀಸ್ ಬಡಿಸೋದು, ಹಿಂದೆಯೇ ಇನ್ನೊಬ್ಬರು ಸಾರು. ಮೊದಲ ಸುತ್ತಿಗೆ ಎಲ್ಲರಿಗೂ ಮೂರೇ. ಕೇಳಿದವರಿಗೆ ಎರಡನೇ ಸುತ್ತಲ್ಲಿ ಎರಡು. ಒಂದೇ ತುತ್ತಿಗೆ ಸಾಕು ಅನ್ನೋ ಅಜ್ಜಿಯರ ಪಾಲು, ಇನ್ನೂ ಬೇಕು ಅನ್ನೋ ಹುಡುಗರಿಗೆ ಹೋಗುತ್ತೆ. ಪೀಸ್ ಪಾತ್ರೆಯನ್ನು ಪಂಕ್ತಿಗೊಂದರಂತೆ ಮೂರು ಮಾಡಿ, ಒಂದರ ಪಾಲು ಇನ್ನೊಂದಕ್ಕೆ ಮುಟ್ಟಿಸಬೇಡಿ. ಮೂರನೇ ಪಂಕ್ತಿ ಎದ್ದಾಗ ತಳದಲ್ಲಿ ಉಳಿದಿದ್ದು ನಮ್ಮ ತಂಡದ ಊಟಕ್ಕೆ ಸರಿಹೋಯಿತು.

ಮುಂದಿನದು ಪಂದಿ ಕರಿ, ಕೊಡಗಿನ ಹಂದಿ ಮಾಂಸದ ಅಡುಗೆ. ಅದಕ್ಕೆ ಹಾಕೋ ಕಪ್ಪು ಹುಳಿ, ಕಾಚಂಪುಳಿ, ಆಗಲೇ ತರಿಸಿಟ್ಟಿದ್ದೀನಿ, ನಲವತ್ತು ಜನಕ್ಕೆ ಮಾಡಬೇಕು. ಅಲ್ಲಿ ಈ 35 ಗ್ರಾಂ ಲೆಕ್ಕ ನಡೆಯಲ್ಲ. ಚರ್ಮ, ಕೊಬ್ಬು ಸೇರಿದ ಪೀಸ್ ಬೇಗ ಹೊಟ್ಟೆ ತುಂಬಿಸುತ್ತೆ, ಬೇಯುವಾಗ ಕೊಬ್ಬು ಕರಗಿ ತೂಕವೂ ಬೇರೆ ಥರ ಇಳಿಯುತ್ತೆ. ಕೊಡಗಿನ ಕಡೆ ಅಡುಗೆಗೆ ನಿಲ್ಲುವವರು ಯಾರಾದ್ರೂ ಇದ್ದರೆ ಹೇಳಿ: ಕಡಂಬಿಟ್ಟು (ಅಕ್ಕಿ ತರಿಯ ಉಂಡೆ) ಜೊತೆ ತಲೆಗೆ ಎಷ್ಟು ಪೀಸ್ ಹಿಡಿಯುತ್ತೀರಿ, ಕೆಜಿಗೆ ಎಷ್ಟು ಹೊಡೆಸುತ್ತೀರಿ?