ಸಂಜೆ ಐದಕ್ಕೆ ಬಂದ ಕೂಲಿಯವರು

ಯೇಸುಸ್ವಾಮಿ ಹೇಳಿದ ಕಥೆಗಳಲ್ಲಿ ದೇವಾಲಯ ಬರುವುದು ಕಡಿಮೆ. ಬೀಜ ಬಿತ್ತುವವನು, ಬಲೆ ಎಳೆಯುವವರು, ಹಿಟ್ಟಿಗೆ ಹುಳಿ ಬೆರೆಸುವ ಹೆಂಗಸು, ಕಳೆದುಹೋದ ನಾಣ್ಯಕ್ಕಾಗಿ ದೀಪ ಹಚ್ಚಿ ಮನೆ ಗುಡಿಸುವವಳು, ಸಾಲಗಾರರು, ಕೂಲಿಯವರು, ಇವರೇ ತುಂಬಿದ್ದಾರೆ. ಹೀಗಾಗಿ ಮಲೆನಾಡಿನ ಹಳ್ಳಿಯ ಮಕ್ಕಳಿಗೆ ಈ ಕಥೆಗಳನ್ನು ಹೇಳುವಾಗ ಹೆಚ್ಚು ವಿವರಣೆ ಬೇಕಾಗುವುದಿಲ್ಲ. ಕುರಿಯೊಂದೇ ಸ್ವಲ್ಪ ಕಷ್ಟ. ಇಷ್ಟು ಮಳೆ ಸುರಿಯುವ ಊರಿನಲ್ಲಿ ಕುರಿಮಂದೆ ಕಂಡ ಮಕ್ಕಳು ಅಪರೂಪ. ಆದರೆ ಕಾಡಿಗೆ ಮೇಯಲು ಹೋದ ಮಲೆನಾಡು ಗಿಡ್ಡ ಹಸು ಕತ್ತಲಾದರೂ ಕೊಟ್ಟಿಗೆಗೆ ಬಾರದಿದ್ದರೆ ಮನೆಯಲ್ಲಿ ಏನಾಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ತೊಂಬತ್ತೊಂಬತ್ತನ್ನು ಬಿಟ್ಟು ಒಂದೇ ಒಂದನ್ನು ಹುಡುಕಿಕೊಂಡು ಹೊರಟ ಕುರುಬನ ಕಥೆ ಕೇಳಿದ ಕೂಡಲೇ ಹಿಂದಿನ ಸಾಲಿನಿಂದ ಬಂದ ಪ್ರಶ್ನೆ: "ಅವನ ಹತ್ತಿರ ಟಾರ್ಚ್ ಇತ್ತೇ ಅಕ್ಕಾ?"

ದಸರಾ ರಜೆಯಲ್ಲಿ ನಮ್ಮ ಕ್ರೈಸ್ತ ಸಭೆಯಿಂದ ಕೆಲವರು ತೀರ್ಥಹಳ್ಳಿಯ ಆಚೆಗಿನ ಹಳ್ಳಿಯೊಂದಕ್ಕೆ ಮಕ್ಕಳ ಶಿಬಿರ ನಡೆಸಲು ಹೋಗುತ್ತೇವೆ. ಶಿವಮೊಗ್ಗ ಬಿಟ್ಟು ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟುವಷ್ಟರಲ್ಲಿ ಬಸ್ಸಿನಲ್ಲಿದ್ದವರ ಹಾಡು ನಿಂತು ಎಲ್ಲರೂ ಕಿಟಕಿಯಾಚೆಯ ತುಂಗೆಯನ್ನು ನೋಡುತ್ತಿರುತ್ತಾರೆ. ಶಿಬಿರ ನಡೆಯುವುದು ಅಲ್ಲಿನ ಸಣ್ಣ ಚರ್ಚಿನ ಅಂಗಳದಲ್ಲಿ. ಬರುವ ಮಕ್ಕಳಲ್ಲಿ ಕ್ರೈಸ್ತ ಮನೆಯವರು ಕೆಲವರಷ್ಟೇ. ಉಳಿದವರ ಮನೆಗೆ ಹೋಗಿ, ನಾವು ಹೇಳುವುದು ಬೈಬಲಿನ ಕಥೆ ಎಂದು ಮೊದಲೇ ತಿಳಿಸಿ, ತಂದೆತಾಯಿ ಒಪ್ಪಿದರೆ ಮಾತ್ರ ಕರೆಯುತ್ತೇವೆ. ಈ ವಿಷಯದಲ್ಲಿ ನನ್ನದು ಗಟ್ಟಿ ನಿಲುವು. ಸತ್ಯವನ್ನು ಹೇಳಲು ಹೋಗುವವರು ಬಾಗಿಲಲ್ಲಿಯೇ ಏನನ್ನಾದರೂ ಮುಚ್ಚಿಟ್ಟರೆ ಒಳಗೆ ಹೋಗಿ ಹೇಳುವುದಕ್ಕೆ ಬೆಲೆ ಎಲ್ಲಿ ಉಳಿಯುತ್ತದೆ?

ನಮಗಿಂತ ಹಿಂದಿನವರು ಈ ಕೆಲಸಕ್ಕೆ ಪಟ್ಟ ಪಾಡನ್ನು ನೆನೆದರೆ ಕೃತಜ್ಞತೆ ಉಕ್ಕುತ್ತದೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅದೇ ಮಿಷನ್ನಿನ ಕಿಟೆಲರು 1894ರಲ್ಲಿ ನಿಘಂಟು ಕೊಟ್ಟದ್ದು ಎಲ್ಲರಿಗೂ ಗೊತ್ತಿದೆ. ಅದಕ್ಕೂ ಬಹಳ ಮುಂಚೆ, 1862ರಲ್ಲಿ, ಅವರು ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಪದ್ಯವಾಗಿ ಬರೆದಿದ್ದರು. ದೂರದೇಶದಿಂದ ಬಂದವರು ಕೇಳುವವರ ನಾಲಿಗೆಗೆ ಒಗ್ಗುವಂತೆ ಹೇಳಲು ಅಷ್ಟು ಶ್ರಮಪಟ್ಟಿದ್ದಾರೆ. ಇದೇ ಮಣ್ಣಿನಲ್ಲಿ ಹುಟ್ಟಿದ ನಾವು ಅದರಲ್ಲಿ ಅರ್ಧವನ್ನಾದರೂ ಮಾಡಬೇಡವೇ?

ದಸರಾ ಹೊತ್ತಿಗೆ ಅಡಿಕೆ ಕೊಯ್ಲು ಶುರುವಾಗಿರುತ್ತದೆ. ಕೊನೆಗೌಡರು ಮರ ಏರುತ್ತಾರೆ, ಮನೆಗಳ ಮುಂದೆ ರಾತ್ರಿಯವರೆಗೂ ಅಡಿಕೆ ಸುಲಿಯುವುದು ನಡೆಯುತ್ತದೆ, ಸುಲಿದದ್ದನ್ನು ಅಳೆದು ಕೂಲಿ ಕೊಡುತ್ತಾರೆ. ಹೀಗಾಗಿ ಈ ಸಲ ಮತ್ತಾಯನ ಸುವಾರ್ತೆಯ ಇಪ್ಪತ್ತನೆಯ ಅಧ್ಯಾಯವನ್ನು ಆರಿಸಿಕೊಂಡೆವು. ದ್ರಾಕ್ಷಿ ತೋಟದ ಯಜಮಾನನು ಬೆಳಗಾಗುತ್ತಲೇ ಪೇಟೆಗೆ ಹೋಗಿ, ದಿನಕ್ಕೆ ಒಂದು ಬೆಳ್ಳಿ ನಾಣ್ಯವೆಂದು ಮಾತಾಡಿ ಆಳುಗಳನ್ನು ಕರೆತರುತ್ತಾನೆ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಮತ್ತೆ ಹೋಗುತ್ತಾನೆ. ಸಂಜೆ ಐದಕ್ಕೂ ಹೋಗುತ್ತಾನೆ. ಹೊತ್ತು ಮುಳುಗಿದಾಗ ಎಲ್ಲರಿಗೂ ಅದೇ ಒಂದು ನಾಣ್ಯ.

ಕಥೆಯನ್ನು ಮಕ್ಕಳಿಂದಲೇ ಆಡಿಸಿದೆವು. ನಾಣ್ಯದ ಬದಲು ಹಸಿ ಅಡಿಕೆ. ಬೆಳಗಿನ ಆಳಾಗಿದ್ದ ಹುಡುಗ ಅಂಗಳದ ಸುತ್ತ ನಿಜವಾಗಿಯೂ ಬೆವರುವಷ್ಟು ಓಡಾಡಿ ಸೌದೆ ಹೊತ್ತಿದ್ದ. ಕೊನೆಯಲ್ಲಿ ಬಂದವರ ಕೈಗೂ ಒಂದು ಅಡಿಕೆ, ತನ್ನ ಕೈಗೂ ಒಂದೇ ಅಡಿಕೆ ಬಿದ್ದಾಗ ಅವನ ಮುಖ ಕೆಂಪಾಯಿತು. "ಇದು ಅನ್ಯಾಯ" ಎಂದ. ಅವನ ಪಕ್ಷಕ್ಕೆ ಬಹಳ ಜನ ಸೇರಿದರು. ಸುಲಿದಷ್ಟಕ್ಕೇ ಕೂಲಿ ಎಂಬ ಲೆಕ್ಕದಲ್ಲಿ ಬೆಳೆದವರು ಅವರು. ಆ ಸಿಟ್ಟು ಸಹಜವಾದದ್ದು, ಸುವಾರ್ತೆಯಲ್ಲಿಯೂ ಅದು ಹಾಗೆಯೇ ದಾಖಲಾಗಿದೆ.

ಐದು ಗಂಟೆಯ ಆಳುಗಳ ಗುಂಪಿನಲ್ಲಿ ಆರನೇ ತರಗತಿಯ ಹುಡುಗಿಯೊಬ್ಬಳು ನಿಂತಿದ್ದಳು. ಅಡಿಕೆಯ ಚೊಗರು ಹಿಡಿದು ಅವಳ ಹೆಬ್ಬೆರಳು ಮತ್ತು ತೋರುಬೆರಳಿನ ಸಂದುಗಳು ಕಪ್ಪಾಗಿದ್ದವು, ಉಗುರಿನ ಅಂಚಿಗೆ ಗೆರೆ ಎಳೆದಂತೆ. ಅವಳು ಆ ಹುಡುಗನಿಗೆ ಹೇಳಿದಳು: "ನಿನ್ನನ್ನು ಬೆಳಿಗ್ಗೆಯೇ ಕರೆದರು. ನಮ್ಮನ್ನು ಯಾರೂ ಕರೆಯಲೇ ಇಲ್ಲ. ನಮ್ಮ ಮನೆಯಲ್ಲೂ ಅನ್ನ ಆಗಬೇಕಲ್ಲ?"

ಈ ಸಾಮತಿಯನ್ನು, ಅಂದರೆ ದೃಷ್ಟಾಂತ ಕಥೆಯನ್ನು, ಚರ್ಚಿನ ಪ್ರಸಂಗಗಳಲ್ಲಿ ಸಾಮಾನ್ಯವಾಗಿ ಕೊನೆಗಾಲದಲ್ಲಿ ದೇವರ ಕಡೆಗೆ ತಿರುಗಿದವರಿಗೂ ರಕ್ಷಣೆಯುಂಟು ಎಂದು ವಿವರಿಸುತ್ತಾರೆ. ಅದು ನಿಜ. ಆದರೆ ಆ ಸಂಜೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಏಳನೆಯ ವಚನ. ಇಡೀ ದಿನ ಸುಮ್ಮನೆ ಏಕೆ ನಿಂತಿದ್ದೀರಿ ಎಂದು ಯಜಮಾನ ಕೇಳಿದಾಗ ಅವರು ಕೊಡುವ ಉತ್ತರ ಇದೇ: ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ. ಅವರು ಸೋಮಾರಿಗಳೆಂದು ಸುವಾರ್ತೆ ಎಲ್ಲಿಯೂ ಹೇಳುವುದಿಲ್ಲ. ಒಂದು ನಾಣ್ಯವೆಂದರೆ ಆ ಕಾಲದಲ್ಲಿ ಒಂದು ದಿನದ ಕೂಲಿ, ಒಂದು ಮನೆಯ ಒಂದು ದಿನದ ಊಟ. ಕಾಲುಭಾಗ ಕೂಲಿ ಒಯ್ದರೆ ಒಲೆಯೂ ಕಾಲುಭಾಗವೇ ಉರಿಯುತ್ತದೆ. ಬಡವನ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಟ್ಟುಬಿಡು, ಅವನು ಅದನ್ನೇ ನೆಚ್ಚಿಕೊಂಡಿದ್ದಾನೆ ಎಂದು ಮೋಶೆಯ ಧರ್ಮಶಾಸ್ತ್ರ ಹೇಳುವುದೂ ಇದಕ್ಕೇ. ನಮ್ಮ ದೇವರು ದುಡಿದ ಗಂಟೆಗಳ ಜೊತೆಗೆ ಹಸಿದ ಹೊಟ್ಟೆಗಳನ್ನೂ ಲೆಕ್ಕಕ್ಕೆ ಹಿಡಿಯುವ ದೇವರು. ನಾನು ಆತನನ್ನು ಆರಾಧಿಸುವುದು ಈ ಕಾರಣಕ್ಕೆ.

ಇನ್ನೊಬ್ಬ ಹುಡುಗ ಕೇಳಿದ: "ಅಷ್ಟು ದೊಡ್ಡ ತೋಟದವನಿಗೆ ಮೇಸ್ತ್ರಿ ಇರಲಿಲ್ಲವೇ?" ಇದ್ದ. ಎಂಟನೆಯ ವಚನದಲ್ಲಿ ಕೂಲಿ ಹಂಚುವವನು ಅವನೇ. ಹಣ ಹಂಚಲು ಮೇಸ್ತ್ರಿ ಸಾಕು, ಆದರೆ ಕರೆಯಲು ಮಾತ್ರ ಯಜಮಾನ ತಾನೇ ಹೋಗುತ್ತಾನೆ, ಬಿಸಿಲಿನಲ್ಲಿ, ಮತ್ತೆ ಮತ್ತೆ. ಈ ಮಾತು ನನ್ನ ಬಾಯಿಂದ ಹೊರಟಾಗ ಗಂಟಲು ಕಟ್ಟಿತು. ನನ್ನನ್ನೂ ಯಾರೂ ಬೇಕೆನ್ನದ ಒಂದು ಕಾಲವಿತ್ತು. ಆಗ ಆತ ಬೇರೆಯವರ ಕೈಯಲ್ಲಿ ಹೇಳಿಕಳುಹಿಸಲಿಲ್ಲ.

ಶಿಬಿರ ಮುಗಿಯುವ ಹೊತ್ತಿಗೆ ಮಕ್ಕಳನ್ನು ಕರೆದೊಯ್ಯಲು ತಾಯಂದಿರು ಬಂದರು. ಆ ಹುಡುಗಿಯ ತಾಯಿ ಕೆಲಸದಿಂದ ನೇರವಾಗಿ ಬಂದಿದ್ದರು, ತಲೆಗೆ ಸುತ್ತಿದ ಬಟ್ಟೆಯನ್ನು ಇನ್ನೂ ಬಿಚ್ಚಿರಲಿಲ್ಲ. "ಏನು ಕಥೆ ಹೇಳಿದರು?" ಎಂದು ಕೇಳಿದರು. ಗೇಟಿನ ಬಳಿ ನಿಂತು ಅವಳು ಇಡೀ ಕಥೆ ಒಪ್ಪಿಸಿದಳು. ದ್ರಾಕ್ಷಿ ಹೋಗಿ ಅಡಿಕೆಯಾಗಿತ್ತು. ಕೊನೆಯಲ್ಲಿ ಯಜಮಾನ ಐದು ಗಂಟೆಯವರ ಕೈಗೆ ಪೂರ್ತಿ ಕೂಲಿ ಇಟ್ಟು, "ನಾಳೆ ಬೆಳಿಗ್ಗೆಯೇ ಬನ್ನಿ, ಕೆಲಸ ಇದೆ" ಎಂದನಂತೆ.

ಮತ್ತಾಯನಲ್ಲಿ ಆ ಮಾತಿಲ್ಲ. ನಾನು ತಿದ್ದಲು ಹೋಗಲಿಲ್ಲ.